ಸೀಟು ಏರಿಸೋ ಮುನ್ನ ನಾಲ್ಕು ಬೆರಳಿನ ಲೆಕ್ಕ

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಸ್ಕೂಲು ಬಿಡೋ ಹೊತ್ತಿಗೆ ಬಸ್ಸಿನ ಕಿಟಕಿಯಿಂದ ಒಂದ್ಸಲ ಆಚೆ ನೋಡಿ ಸ್ವಾಮಿ. ಒಬ್ಬ ಹುಡುಗ ಪೆಡಲು ಎಟುಕದೆ ಸೊಂಟವನ್ನು ಆ ಕಡೆ ಈ ಕಡೆ ಹೊರಳಿಸ್ತಾ ಹೋಗ್ತಾನೆ. ಇನ್ನೊಬ್ಬ ಮಂಡಿ ಎದೆಗೆ ಬರೋ ಹಾಗೆ ಮುದುಡಿಕೊಂಡು ತುಳೀತಾನೆ. ಹಿಂದೆ ಕಾಯಿ ಲಾರಿ ಹಾರನ್ ಹೊಡೀತಿರುತ್ತೆ.

ಕಾರಣ ನಿಮಗೂ ಗೊತ್ತು. 2006-07ರಲ್ಲಿ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಲು ಶುರು ಮಾಡಿತು. ಕೊರೊನಾ ಬಂದ 2020ರಲ್ಲಿ ಹಂಚಿಕೆ ನಿಂತಿತು. ಅಕ್ಕ ತುಳಿದ ಸೈಕಲ್ಲು ತಮ್ಮನಿಗೆ ಬಂತು, ಅಣ್ಣನದು ತಂಗಿಗೆ ಬಂತು. ಸೀಟು ಮಾತ್ರ ಇದ್ದಲ್ಲೇ ಉಳೀತು.

ಅಳತೆ ನೋಡೋದು ಬಹಳ ಸುಲಭ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ತೀರಾ ಕೆಳಕ್ಕೆ ತಂದು ಹಿಮ್ಮಡಿ ಇಡಬೇಕು. ಆಗ ಕಾಲು ನೆಟ್ಟಗಾದರೆ ಎತ್ತರ ಸರಿ. ಮುಂಗಾಲಲ್ಲಿ ತುಳಿಯುವಾಗ ಮಂಡಿ ತುಸು ಬಾಗಿರುತ್ತೆ. ಸೀಟು ತಗ್ಗಿದ್ದರೆ ಮಂಡಿ ನೋವು. ಎತ್ತರವಾದರೆ ಸೊಂಟ ನೋವು, ಬ್ರೇಕ್ ಹಿಡಿದಾಗ ನೆಲವೂ ಎಟುಕಲ್ಲ. ಹೊಸದಾಗಿ ಕಲಿಯೋ ಮಕ್ಕಳಿಗೆ, ಕ್ಯಾರಿಯರ್ ಮೇಲೆ ಕಾಯಿ ಮೂಟೆ ಹೇರೋರಿಗೆ ಈ ಅಳತೆಗಿಂತ ಒಂದಿಷ್ಟು ತಗ್ಗೇ ಇರಲಿ. ಮೂಟೆ ವಾಲಿದಾಗ ಕಾಲೂರಬೇಕಲ್ಲ!

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ ಜಾಗದಲ್ಲಿದೆ. ಸೀಟಿನ ಪೈಪು ಫ್ರೇಮಿನೊಳಗೆ ಎಷ್ಟು ಇಳಿದಿದೆ ಅಂತ ನೋಡಿದ್ದೀರಾ? ಹುಡುಗ ಉದ್ದ ಬೆಳೆದ ಅಂತ ಮೇಲೆ ಮೇಲೆ ಎಳೆದರೆ ಒಳಗೆ ಉಳಿಯೋದು ಒಂದಿಂಚು. ಗುಂಡಿಗೆ ಚಕ್ರ ಇಳಿದಾಗ ಮೈಭಾರವೆಲ್ಲ ಅದರ ಮೇಲೆ. ಪೈಪು ಬಾಗುತ್ತೆ, ಇಲ್ಲವೇ ಫ್ರೇಮಿನ ಬಾಯಿ ಸೀಳುತ್ತೆ. ಸವಾರ ರಸ್ತೆ ಪಾಲು.

ಈಗಿನ ಎಷ್ಟೋ ಪೈಪುಗಳ ಮೇಲೆ ಒಂದು ಗೆರೆ ಇರುತ್ತೆ. ಅದು ಹೊರಗೆ ಕಾಣಕೂಡದು. ಗೆರೆ ಇಲ್ಲದ ಹಳೇ ಪೈಪಾದರೆ ಪೂರ್ತಿ ಹೊರಗೆಳೆದು, ಕೆಳತುದಿಯಿಂದ ದೊಡ್ಡವರ ನಾಲ್ಕು ಬೆರಳಿನಗಲ, ಅಂದರೆ ಸುಮಾರು 3 ಇಂಚು ಅಳೆದು ಬಳಪದಲ್ಲಿ ಗುರುತು ಹಾಕಿ. ಅಷ್ಟಾದರೂ ಒಳಗಿರಲೇಬೇಕು. ಆಗಲೂ ಎತ್ತರ ಸಾಲದಿದ್ದರೆ ಉದ್ದದ ಪೈಪು ಹಾಕಿಸಿ, ಎಳೆಯೋಕೆ ಹೋಗಬೇಡಿ.

ಪೈಪು ಹೊರಗೆ ಬಂದಾಗಲೇ ತುಕ್ಕು ಒರೆಸಿ ಗ್ರೀಸ್ ಸವರಿ. ಕೊಬ್ಬರಿ ನಾಡಿನವರು ಅಂತ ಕೊಬ್ಬರಿ ಎಣ್ಣೆ ಬಿಟ್ಟೀರಿ, ಅದು ತಲೆಗೇ ಇರಲಿ! ಪೈಪು ಸಡಿಲ ಅಂತ ತಗಡಿನ ಚೂರು ತುರುಕೋದೂ ಬೇಡ, ಸರಿಯಾದ ಅಳತೆಯ ಪೈಪೇ ಆಗಬೇಕು. ಮರೆ ಸವೆದ ಬೋಲ್ಟು ಬದಲಾಯಿಸಿ. ಫ್ರೇಮಿನ ಬೋಲ್ಟು, ಸೀಟಿನ ಕೆಳಗಿನ ನಟ್ಟು ಎರಡನ್ನೂ ಬಿಗಿ ಮಾಡಿ. ಆಮೇಲೆ ಸೀಟನ್ನು ಎರಡೂ ಕೈಲಿ ಹಿಡಿದು ತಿರುಚಿ. ಅಲುಗಬಾರದು.

ಚಿಕ್ಕನಾಯಕನಹಳ್ಳಿ, ತುರುವೇಕೆರೆ ಪೇಟೆಯ ಅಂಗಡಿ ಯಜಮಾನರೇ, ಸಾಮಾನು ತರಲು ಸೈಕಲ್ಲು ಕೊಟ್ಟು ಹುಡುಗನನ್ನ ಕಳಿಸ್ತೀರಲ್ಲ, ಅವನ ಕಾಲಿಗೆ ಸೀಟು ಹೊಂದುತ್ತಾ ನೋಡಿದ್ದೀರಾ? ಒಂದು ಸ್ಪ್ಯಾನರ್, ಹತ್ತು ನಿಮಿಷದ ಕೆಲಸ. ಹೆತ್ತವರೂ ಅಷ್ಟೇ, ಮಕ್ಕಳು ಬೆಳೀತಾನೇ ಇರ್ತಾರೆ, ಪ್ರತಿ ವರ್ಷ ಶಾಲೆ ಶುರುವಾದಾಗ ಒಮ್ಮೆ ಅಳತೆ ನೋಡಿ. ನಾಳೆ ಬೆಳಿಗ್ಗೆ ಮನೆ ಸೈಕಲ್ಲಿನ ಸೀಟು ತಿರುಚಿ ನೋಡಿ. ತಿರುಗಿತೋ, ರಿಪೇರಿ ಆಗೋವರೆಗೆ ಮಗುವನ್ನ ಬಸ್ಸಿಗೇ ಹತ್ತಿಸಿ.