ಪೋಡಿನ ಮಗಳೇ ನರ್ಸಮ್ಮ

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಿಗೆ ರಂಗನಾಥ ಭಾವನಾಗಬೇಕು. ತಮ್ಮ ಕುಲದ ಕುಸುಮಾಲೆಯನ್ನು ಕೈಹಿಡಿದವನು ಎಂಬ ಸಲುಗೆ. ದೇವರೊಂದಿಗೆ ಇಷ್ಟು ಹತ್ತಿರದ ನಂಟು ಬೆಳೆಸಿದ ಜನ ಒಂದು ಕಾಲಕ್ಕೆ ನಾಡಿನಿಂದ ಬಂದವರನ್ನು ಮಾತ್ರ ದೂರದಲ್ಲೇ ಇಟ್ಟಿದ್ದರು. ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಎಚ್. ಸುದರ್ಶನ್ ಇಲ್ಲಿಗೆ ಬಂದಾಗ ಎದುರಾದದ್ದೂ ಇದೇ ಅಂತರ. ಪೋಡು ಎಂದರೆ ಸೋಲಿಗರ ಹಾಡಿ. ಪೋಡಿನಿಂದ ಪೋಡಿಗೆ ನಡೆದು, ಹಾವು ಕಚ್ಚಿದವರಿಗೆ, ಕರಡಿಯಿಂದ ಗಾಯಗೊಂಡವರಿಗೆ ಚಿಕಿತ್ಸೆ ಕೊಡುತ್ತಾ ಅವರು ನಂಬಿಕೆ ಗಳಿಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು.

ಆದರೆ ಕಾಯಿಲೆಯ ಬೇರು ಔಷಧಿಯ ಕೈಗೆ ಸಿಗುವಂಥದ್ದಾಗಿರಲಿಲ್ಲ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಜಾಗ ಬದಲಿಸುತ್ತಾ ಮಾಡುವ ಸೋಲಿಗರ ಕುಮರಿ ಬೇಸಾಯ ನಿಂತಿತ್ತು. ರಾಗಿ, ಅವರೆ ಬೆಳೆದು ಉಣ್ಣುತ್ತಿದ್ದವರು ಕೂಲಿಗೆ ಇಳಿದಿದ್ದರು. ಹಾಗಾಗಿ ಆಸ್ಪತ್ರೆಯ ಬೆನ್ನಿಗೇ ಶಾಲೆ ಬಂತು, ಜೇನು–ನೆಲ್ಲಿಕಾಯಿಗೆ ನ್ಯಾಯವಾದ ಬೆಲೆ ಸಿಗಬೇಕೆಂಬ ಪ್ರಯತ್ನ ಬಂತು, ಸೋಲಿಗರ ಸಂಘಗಳು ಕಟ್ಟಿಕೊಂಡವು. ಮುಂದೆ ಇದೇ ಸಂಘಟನೆಯ ಬಲದಿಂದ 2011ರಲ್ಲಿ ಅವರು ಸಮುದಾಯ ಅರಣ್ಯ ಹಕ್ಕುಪತ್ರ ಪಡೆದರು. ಕೇಂದ್ರಕ್ಕೂ ಸುದರ್ಶನ್ ಅವರಿಗೂ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ಕೇಂದ್ರದ ನಿಜವಾದ ಜಾಣ್ಮೆ ಕಾಣುವುದು ಆರೋಗ್ಯದ ಕೆಲಸಕ್ಕೆ ಅದು ಆರಿಸಿಕೊಂಡ ಕೈಗಳಲ್ಲಿ. ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಎಎನ್‌ಎಂ (ಸಹಾಯಕ ನರ್ಸ್–ಸೂಲಗಿತ್ತಿ) ತರಬೇತಿ ಕೊಟ್ಟು ತಮ್ಮವರ ನಡುವೆಯೇ ಕೆಲಸಕ್ಕೆ ಹಚ್ಚಲಾಯಿತು. ಹೊರಗಿನ ನರ್ಸಮ್ಮನಿಗೆ ಕಾಡಿನ ಹಾದಿಯೇ ತಿಳಿಯದು. ಪೋಡಿನ ಮಗಳಿಗೆ ಯಾವ ಮನೆಯ ಬಸುರಿಗೆ ತವರು ಎಲ್ಲಿ, ಪೋಡಿನ ಯಜಮಾನನ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದೂ ಗೊತ್ತು.

ಕಲಿಕೆ ಎರಡೂ ಕಡೆಯಿಂದ ನಡೆಯಿತು. ಸೋಲಿಗ ಹೆಂಗಸರು ಹೆರಿಗೆಗೆ ಕುಕ್ಕರುಗಾಲಲ್ಲಿ ಕೂರುವುದು ರೂಢಿ. ವೈದ್ಯಕೀಯ ಕಾಲೇಜಿನಲ್ಲಿ ಕಲಿತದ್ದು ಮಂಚದ ಮೇಲೆ ಅಂಗಾತ ಮಲಗಿಸುವುದು. ಕೂತು ಹೆರುವಾಗ ಭೂಮಿಯ ಸೆಳೆತವೂ ತಾಯಿಗೆ ನೆರವಾಗುತ್ತದೆ. ಇದನ್ನು ಕಂಡುಕೊಂಡ ವೈದ್ಯರು ಪದ್ಧತಿಯನ್ನು ಬಿಡಿಸಲು ಹೋಗಲಿಲ್ಲ.

ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಹೆಚ್ಚಾಗಿತ್ತು. ಅದಕ್ಕೆಂದೇ 1986ರಲ್ಲಿ ಸುದರ್ಶನ್ ಅವರ ಕರುಣಾ ಟ್ರಸ್ಟ್ ಆರಂಭವಾಯಿತು. ಮಚ್ಚೆಯನ್ನು ಸೆರಗಿನಲ್ಲಿ, ಅಂಗಿಯ ತೋಳಿನಲ್ಲಿ ಮುಚ್ಚಿಕೊಳ್ಳುವವರನ್ನು ಹುಡುಕಿ, ಬಹುಔಷಧ ಚಿಕಿತ್ಸೆಯನ್ನು ಕೊನೆಯವರೆಗೆ ಮುಗಿಸುವಂತೆ ನೋಡಿಕೊಳ್ಳುವುದು ಊರವರ ಸಹಕಾರವಿಲ್ಲದೆ ಆಗುವ ಮಾತಲ್ಲ. ರೋಗ ಹತೋಟಿಗೆ ಬಂತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯೂ ಟ್ರಸ್ಟಿನ ಹೆಗಲೇರಿತು. ಅನುದಾನ ಸರ್ಕಾರದ್ದು, ನಿರ್ವಹಣೆ ಟ್ರಸ್ಟಿನದು. ಗುಂಬಳ್ಳಿಯ ಮಾದರಿ ಮುಂದೆ ಅರುಣಾಚಲ ಪ್ರದೇಶದವರೆಗೂ ಹೋಯಿತು.

ಈಗ ಸೋಲಿಗರ ಎದುರಿಗಿರುವುದು ಸಿಕಲ್ ಸೆಲ್ ರಕ್ತಹೀನತೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೀಲು, ಮೂಳೆಗಳಲ್ಲಿ ತಡೆಯಲಾಗದ ನೋವು. ಒಂದು ದೋಷಯುಕ್ತ ವಂಶವಾಹಿ ಹೊತ್ತವರಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅಭಿಯಾನ, 2047ರ ಹೊತ್ತಿಗೆ ಈ ರೋಗವನ್ನು ನಿವಾರಿಸುವ ಗುರಿ ಇಟ್ಟುಕೊಂಡಿದೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆಯುವುದು ಸಲೀಸು. ಆಮೇಲಿನ ಮಾತು ಕಷ್ಟ. ಒಂದೇ ಕುಲದೊಳಗೆ ಹೆಣ್ಣು ಕೊಡದ, ತರದ ಸೋಲಿಗರಿಗೆ, ಕುಲದ ಜತೆ ರಕ್ತಪರೀಕ್ಷೆಯ ಚೀಟಿಯನ್ನೂ ನೋಡಿ ಎನ್ನಬೇಕು. ಚೀಟಿಯ ನೆಪದಲ್ಲಿ ಯಾವ ಹುಡುಗಿಯ ಮೇಲೂ ಕಳಂಕ ಬರದಂತೆ ಕಾಯಬೇಕು.

ಯೋಜನೆ ದೆಹಲಿಯಿಂದ ಬರಬಹುದು, ಕಿಟ್ ಜಿಲ್ಲಾಸ್ಪತ್ರೆಯಿಂದ ಬರಬಹುದು. ಮದುವೆ ಮಾತುಕತೆಯ ಜಗಲಿಯಲ್ಲಿ ಕೂತು ಈ ವಿಷಯ ಎತ್ತುವ ಸಲುಗೆ ಇರುವುದು ಅಲ್ಲೇ ಹುಟ್ಟಿ ಬೆಳೆದ ನರ್ಸಮ್ಮನಿಗೆ. ಆದ್ದರಿಂದ ಇಂಥ ಹೆಣ್ಣುಮಕ್ಕಳ ತರಬೇತಿಗೆ, ಕೆಲಸದ ಭದ್ರತೆಗೆ ಹಾಕುವ ಹಣವನ್ನು ಆರೋಗ್ಯ ಇಲಾಖೆ ಔಷಧಿ ಖರ್ಚಿನಷ್ಟೇ ಮುಖ್ಯವೆಂದು ಎಣಿಸಬೇಕು.