ಎಂಟು ಸಾವಿರ ಕಿಲೋಮೀಟರ್ ದೂರದ ಮನೆ

1891ರ ಜನಗಣತಿಯಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಇದ್ದವರು ಸುಮಾರು 7 ಸಾವಿರ ಜನ. 1901ರಲ್ಲಿ ಎಣಿಸಿದಾಗ ಅದು 38 ಸಾವಿರ ದಾಟಿತ್ತು. ಜಿಲ್ಲೆಗೆ ಹೆಸರು ಕೊಟ್ಟ ಕೋಲಾರ ಪಟ್ಟಣದಲ್ಲಿ ಆಗ ಇದ್ದವರು 12 ಸಾವಿರದಷ್ಟೇ. ಮಳೆಯನ್ನೇ ನೆಚ್ಚಿ ರಾಗಿ, ಹುರುಳಿ ಬೆಳೆಯುತ್ತಿದ್ದ ಬಯಲಿನಲ್ಲಿ, ಹತ್ತೇ ವರ್ಷದಲ್ಲಿ, ಜಿಲ್ಲಾ ಕೇಂದ್ರದ ಮೂರು ಪಟ್ಟು ದೊಡ್ಡ ಊರು ಎದ್ದು ನಿಂತಿತ್ತು. ಅಲ್ಲಿದ್ದವರಲ್ಲಿ ಬಹುಪಾಲು ಎಲ್ಲರೂ ಎಲ್ಲಿಂದಲೋ ಬಂದವರು.

ಅತಿ ದೂರದಿಂದ ಬಂದವರು ಕಾರ್ನ್‌ವಾಲ್‌ನವರು. ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಆ ನಾಡಿನಲ್ಲಿ 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಮುಚ್ಚತೊಡಗಿದವು. ತಲೆಮಾರುಗಳಿಂದ ಬಂಡೆ ಕೊರೆದೇ ಬದುಕಿದವರು ಕೆಲಸ ಹುಡುಕಿಕೊಂಡು ದೇಶಾಂತರ ಹೊರಟರು. ಇತ್ತ 1873ರಲ್ಲಿ, ನ್ಯೂಜಿಲೆಂಡಿನ ಯುದ್ಧದಲ್ಲಿ ಹೋರಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಶ್ ಸೈನಿಕ ಮೈಕೆಲ್ ಲವೆಲ್, ಕೋಲಾರದಲ್ಲಿ ಚಿನ್ನ ತೆಗೆಯಲು ಮೈಸೂರು ಸರ್ಕಾರದ ಅನುಮತಿ ಕೇಳಿದ್ದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಮಾರಿಕುಪ್ಪಂನ ಮೈಸೂರು ಗಣಿಯಲ್ಲಿ ಹಾಕಿದ ದುಡ್ಡು ಬಹುತೇಕ ಕರಗಿ, ಇನ್ನೇನು ಬಿಟ್ಟು ಹೋಗಬೇಕು ಅನ್ನುವ ಹೊತ್ತಿಗೆ ಚಾಂಪಿಯನ್ ಅದಿರಿನ ಪದರ ಸಿಕ್ಕಿತು. ಆಮೇಲೆ ಯಾರೂ ಹಿಂದಿರುಗಿ ನೋಡಲಿಲ್ಲ.

ನೇರ ಗೆರೆ ಎಳೆದರೂ ಕಾರ್ನ್‌ವಾಲ್ ಇಲ್ಲಿಗೆ ಸುಮಾರು ಎಂಟು ಸಾವಿರ ಕಿಲೋಮೀಟರ್. ಬಂದವರಲ್ಲಿ ಐರೋಪ್ಯರು ಕೆಲವು ನೂರು ಮಂದಿ. ಅವರಿಗೆ ಇದು ತಮ್ಮ ಊರಿನಂತೆಯೇ ಕಾಣಬೇಕಿತ್ತು. ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿ ಎಲ್ಲವೂ ಬಂದವು. ಊರಿಗೆ ಲಿಟ್ಲ್ ಇಂಗ್ಲೆಂಡ್ ಎಂಬ ಹೆಸರೂ ಬಂತು. ಬೇತಮಂಗಲದ ಕೆರೆಯಿಂದ ಕುಡಿಯುವ ನೀರು ಹರಿಸಲಾಯಿತು. ಆದರೆ ನನ್ನನ್ನು ದಂಗುಬಡಿಸುವುದು ವಿದ್ಯುತ್ತಿನ ಕಥೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು 1902ರಲ್ಲಿ 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಈ ಗಣಿಗಳಿಗೆ ಬಂತು. ಅಂದಿಗೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಒಂದು. ಬೆಂಗಳೂರಿಗೆ ಆ ಬೆಳಕು ಸಿಕ್ಕಿದ್ದು 1905ರಲ್ಲಿ! ರಾಜ್ಯದ ದೊಡ್ಡ ನಗರ ಸೀಮೆಎಣ್ಣೆ ದೀಪದಲ್ಲಿ ಕಾಯುತ್ತಿದ್ದಾಗ ಗಣಿಯ ಯಂತ್ರಗಳು ಕಾವೇರಿಯ ಬಲದಲ್ಲಿ ತಿರುಗುತ್ತಿದ್ದವು.

ಇಷ್ಟೆಲ್ಲ ಏತಕ್ಕೆ ಬೇಕಿತ್ತು ಎಂದು ತಿಳಿಯಲು ನೆಲದ ಕೆಳಗೆ ನೋಡಬೇಕು. ಚಾಂಪಿಯನ್ ರೀಫ್ ಗಣಿ 3,200 ಮೀಟರ್ ಆಳಕ್ಕೆ ಇಳಿಯಿತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್ ಮೇಲಿದೆ. ಈ ಗಣಿ ಪ್ರದೇಶದ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಅದನ್ನು ಕಳೆದರೂ ಗಣಿಯ ತಳ ಸಮುದ್ರಮಟ್ಟಕ್ಕಿಂತ 2,300 ಮೀಟರ್ ಕೆಳಗೆ. ಮುಳ್ಳಯ್ಯನಗಿರಿಯನ್ನು ಸಮುದ್ರಮಟ್ಟದಲ್ಲಿ ತಲೆಕೆಳಗು ಮಾಡಿ ನೆಟ್ಟರೂ ಅದರ ತುದಿ ಆ ತಳವನ್ನು ಮುಟ್ಟುವುದಿಲ್ಲ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಮೇಲಿನಿಂದ ತಣ್ಣನೆಯ ಗಾಳಿ ಊದದಿದ್ದರೆ ಮನುಷ್ಯ ನಿಲ್ಲುವಂತಿರಲಿಲ್ಲ. ಒತ್ತಡ ತಾಳದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು, ಜನ ಸಾಯುತ್ತಿದ್ದರು.

120 ವರ್ಷದಲ್ಲಿ ಸಿಕ್ಕ ಚಿನ್ನ 800 ಟನ್. ಅದಕ್ಕಾಗಿ ಮೇಲೆತ್ತಿದ ಅದಿರು ಐದು ಕೋಟಿ ಟನ್. ಲೆಕ್ಕ ಹಾಕಿದರೆ ಒಂದು ಗ್ರಾಂ ಚಿನ್ನಕ್ಕೆ ಅರವತ್ತು ಕಿಲೋಗೂ ಹೆಚ್ಚು ಬಂಡೆ. ಒಂದು ಪವನ್ ಸರಕ್ಕೆ ಅರ್ಧ ಟನ್. ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದದ್ದೇ ಇಂದಿಗೂ ಊರಿನ ನಡುವೆ ನಿಂತಿರುವ ಸೈನೈಡ್ ಗುಡ್ಡಗಳು. ಬೇಸಿಗೆಯ ಗಾಳಿಗೆ ಆ ಧೂಳು ಮನೆಮನೆಗೆ ಬರುತ್ತದೆ.

ಆ ಬಂಡೆಯನ್ನು ಒಡೆದು ಮೇಲೆತ್ತಿದವರು ಉತ್ತರ ಆರ್ಕಾಟಿನಿಂದ, ಸೇಲಂನಿಂದ ಬಂದವರು, ಅವರಲ್ಲಿ ಹೆಚ್ಚಿನವರು ದಲಿತರು. ಅವರೂ ಪರನಾಡಿನವರೇ. ಕಾರ್ನ್‌ವಾಲ್‌ನವನಿಗೆ ಬಂಗಲೆ ಸಿಕ್ಕರೆ ಇವರಿಗೆ ಸಿಕ್ಕಿದ್ದು ಬಿದಿರು ತಟ್ಟಿಯ ಒಂದು ಕೋಣೆ, ಸಾಲುಸಾಲು ಲೈನುಗಳಲ್ಲಿ. 1930ರಲ್ಲಿ ಬೆರಳಚ್ಚು ಕೊಡಬೇಕೆಂದಾಗ ಈ ಜನ ಕೆಲಸ ನಿಲ್ಲಿಸಿ ಬೀದಿಗಿಳಿದರು. ಪರನಾಡಿನ ಬದುಕು ಎಂದಾಗ ನಮಗೆ ನೆನಪಾಗುವುದು ಕ್ಲಬ್ಬಿನ ಪಿಯಾನೋ, ಬಂಗಲೆಯ ಗುಲಾಬಿ ತೋಟ. ನನ್ನ ಲೆಕ್ಕದಲ್ಲಿ ಆ ಮಾತಿಗೆ ಮೊದಲ ಹಕ್ಕು ಈ ಲೈನುಗಳಿಗೆ ಸಲ್ಲಬೇಕು. ಬಂಗಲೆಯವರಿಗೆ ಅವಧಿ ಮುಗಿದ ಮೇಲೆ ಹಡಗು ಇತ್ತು. ಲೈನಿನವರು ಇಲ್ಲೇ ಹುಟ್ಟಿ, ಮಕ್ಕಳನ್ನು ಹೆತ್ತು, ಸಿಲಿಕೋಸಿಸ್‌ನಿಂದ ಕೆಮ್ಮುತ್ತಾ ಇಲ್ಲೇ ಮಣ್ಣಾದರು.

1956ರಲ್ಲಿ ಗಣಿಗಳು ಮೈಸೂರು ರಾಜ್ಯ ಸರ್ಕಾರದ ಕೈಗೆ ಬಂದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ಗಣಿಗಳಿಗಾಗಿ ಹಾಕಿದ 16 ಕಿಲೋಮೀಟರ್ ಹಳಿಯಲ್ಲಿ ಈಗ ಆ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಹೋಗಲು ಸುಮಾರು 85 ಕಿಲೋಮೀಟರ್, ಬರಲು ಅಷ್ಟೇ. ವರ್ಷಕ್ಕೆ 300 ದಿನವೆಂದರೂ 51 ಸಾವಿರ ಕಿಲೋಮೀಟರ್. ಭೂಮಿಯ ಸುತ್ತಳತೆ 40 ಸಾವಿರ. ಎಂಟು ಸಾವಿರ ಕಿಲೋಮೀಟರ್ ದಾಟಿ ಬಂದವರ ನೆನಪಿಗೆ ಇಲ್ಲಿ ಶಾಫ್ಟುಗಳ ಹೆಸರುಗಳಿವೆ. ಪ್ರತಿ ವರ್ಷ ಅದರ ಆರು ಪಟ್ಟು ಓಡಾಡುವವರು ಕೇಳುತ್ತಿರುವುದು ತಮ್ಮ ಊರಿನಲ್ಲೇ ಒಂದು ಕೆಲಸ.