ಗೀರಿಗೆ ಬಣ್ಣ ಸಾಕು, ಬಿರುಕಿಗೆ ಸಾಲದು

ಹಾಸನದಿಂದ ಅರಸೀಕೆರೆ ಕಡೆಗೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಕೊರವಂಗಲ, 1173ರ ಬೂಚೇಶ್ವರ ಗುಡಿ ಇರುವ ಊರು. ಅಲ್ಲಾಗಲಿ ಸುತ್ತಲಿನ ಹಳ್ಳಿಗಳಲ್ಲಾಗಲಿ ಹಳೇ ಓಣಿಗಳು ಎತ್ತಿನಗಾಡಿ ಕಾಲದವು. ಕಾರು ತಿರುಗಿಸುವಾಗ ಮೂಲೆಗಲ್ಲಿಗೋ ಮೋರಿ ಅಂಚಿಗೋ ಅಲಾಯ್ ವೀಲ್ ಉಜ್ಜಿಕೊಳ್ಳೋದು ಮಾಮೂಲು. ರಜೆಗೆ ಊರಿಗೆ ಹೋದವರಿಗೆ ಮನೆಯಲ್ಲಿ ಆರ್ಡರ್ ಬರುತ್ತೆ: "ನೀನ್ ಓದ್ತಿರೋದು ಮೆಕ್ಯಾನಿಕಲ್ ಅಲ್ವೇನೋ, ಇದನ್ನ ಸರಿ ಮಾಡು." ಮಾಡಬಹುದು. ಆದರೆ ಸ್ಪ್ರೇ ಕ್ಯಾನ್ ಕೈಗೆತ್ತಿಕೊಳ್ಳುವ ಮುಂಚೆ ಆ ಚಕ್ರ ಬಣ್ಣಕ್ಕೆ ಲಾಯಕ್ಕಾ ಅಂತ ನೋಡಬೇಕು.

ಹೊರ ಅಂಚಿನ ತೆಳು ತರಚು, ಸಿಪ್ಪೆಯಂತೆ ಏಳುವ ಲ್ಯಾಕರ್, ಅದರಡಿ ಹುಳು ಹರಿದಂಥ ಬಿಳಿ ಗೆರೆ, ಇವೆಲ್ಲ ಮನೆ ಕೆಲಸ. ಗುಂಡಿಗೆ ಬಿದ್ದ ಚಕ್ರದ ಕಥೆ ಬೇರೆ. ಅಲ್ಲಿ ಎಷ್ಟೋ ಸಲ ಪೆಟ್ಟಾಗೋದು ಒಳ ಅಂಚಿಗೆ, ನಿಂತು ನೋಡಿದರೆ ಕಾಣಲ್ಲ. ಸಮತಟ್ಟು ಜಾಗದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕ್ ಎತ್ತಿ. ರಿಮ್ಮಿನ ಹತ್ತಿರ ಒಂದು ಪೆನ್ಸಿಲ್ ಅಲುಗದಂತೆ ಹಿಡಿದು ಚಕ್ರ ತಿರುಗಿಸಿ. ನಡುವಿನ ಸಂದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ಚಕ್ರ ಬಾಗಿದೆ.

ಬಿರುಕು ಹುಡುಕೋಕೆ ರೈಲ್ವೆಯವರು ಹಿಂದೆ ಬಳಸುತ್ತಿದ್ದ ಉಪಾಯ ಇದೆ. ತೊಳೆದು ಒಣಗಿಸಿದ ಜಾಗಕ್ಕೆ ಸೀಮೆಎಣ್ಣೆ ಸವರಿ ಕಾಲು ಗಂಟೆ ಬಿಡಿ. ಟೈರಿಗೆ ತಾಗಿಸಬೇಡಿ. ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮತ್ತೆ ಮೇಲೆ ಬಂದು ಪುಡಿಯಲ್ಲಿ ಗೆರೆ ಮೂಡಿಸುತ್ತೆ. ಲ್ಯಾಬಿನ ಡೈ ಪೆನೆಟ್ರೆಂಟ್ ಟೆಸ್ಟ್ ಇದರ ಓದಿದ ತಮ್ಮ. ಗೆರೆ ಮೂಡಲಿಲ್ಲ ಅಂದಮಾತ್ರಕ್ಕೆ ಬಿರುಕೇ ಇಲ್ಲ ಅಂತಲ್ಲ. ಮೂಡಿದರೆ ಮಾತ್ರ ಚಕ್ರದ ಆಯುಸ್ಸು ಮುಗಿದಂತೆ.

"ಬಿಸಿ ಮಾಡಿ ಬಡಿದರೆ ಸರಿಹೋಗುತ್ತೆ" ಅನ್ನೋರು ಸಿಕ್ಕೇ ಸಿಗ್ತಾರೆ. ಅವರ ಮಾತು ಉಕ್ಕಿನ ರಿಮ್ ಕಾಲದ್ದು. ಹೆಚ್ಚಿನ ಅಲಾಯ್ ವೀಲುಗಳು ಎ356 ಜಾತಿಯ ಎರಕ: ಅಲ್ಯೂಮಿನಿಯಂ, ಅದರಲ್ಲಿ ಸುಮಾರು 7% ಸಿಲಿಕಾನ್, ಚೂರು ಮೆಗ್ನೀಸಿಯಂ. 540 ಡಿಗ್ರಿ ಆಸುಪಾಸು ಕಾಯಿಸಿ, ನೀರಿಗೆ ಅದ್ದಿ, ಮತ್ತೆ 150–170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟಾಗ ಒಳಗೆ ಹುಟ್ಟುವ ಸಣ್ಣ ಕಣಗಳೇ ಅದರ ಬಲ. ಬ್ಲೋ ಲ್ಯಾಂಪ್ ಹಿಡಿದರೆ ಆ ಕಣಗಳು ದಪ್ಪಗಾಗಿ ಲೋಹ ಮೆತ್ತಗಾಗುತ್ತೆ. ಉಕ್ಕಾದರೆ ಕೆಂಪಗಾಗಿ ಎಚ್ಚರಿಸುತ್ತೆ. ಅಲ್ಯೂಮಿನಿಯಂ ಕರಗುವ ಹಂತಕ್ಕೆ ಬಂದರೂ ಹಗಲು ಬೆಳಕಲ್ಲಿ ಬಣ್ಣ ಬದಲಿಸಲ್ಲ.

ಇನ್ನೊಂದು ಲೆಕ್ಕ. ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಹಾಸನದಿಂದ ಬೆಂಗಳೂರಿಗೆ 185 ಕಿಲೋಮೀಟರ್ ಅಂದರೆ ಚಕ್ರ ಲಕ್ಷದ ಹತ್ತಿರ ಸುತ್ತು ತಿರುಗುತ್ತೆ, ಪ್ರತಿ ಸುತ್ತಿಗೂ ಒಂದು ಸಲ ಬಾಗಿ ನೆಟ್ಟಗಾಗುತ್ತೆ. ಅಲ್ಯೂಮಿನಿಯಮ್ಮಿಗೆ ಉಕ್ಕಿನಂತೆ ಖಚಿತವಾದ ಫಟೀಗ್ ಮಿತಿ ಇಲ್ಲ. ಪುಟ್ಟಿ ಮೆತ್ತಿ ಬಣ್ಣ ಹೊಡೆದ ಬಿರುಕು ಅಲ್ಲಿ ಬೆಳೆಯುತ್ತಲೇ ಇರುತ್ತೆ, ಈಗ ಕಣ್ಣಿಗೂ ಬೀಳದಂತೆ. ಚಕ್ರ ಪಾಸಾದರೆ ಮಾತ್ರ ಮುಂದಿನ ಕೆಲಸ.

ಅರ್ಧ ದಿನ ಬರೀ ತೊಳೆಯೋಕೇ ಹೋಗುತ್ತೆ, ಹೋಗಲಿ. ಬ್ರೇಕಿನ ಕರಿಪುಡಿ, ಗ್ರೀಸು, ಸೀಮೆಎಣ್ಣೆಯ ಜಿಡ್ಡು ಉಳಿದರೆ ಬಣ್ಣ ನಿಲ್ಲಲ್ಲ. ತಂತಿ ಬ್ರಷ್ ಬೇಡ: ಉಕ್ಕಿನ ಚೂರು ಅಲ್ಯೂಮಿನಿಯಮ್ಮಿಗೆ ಸಿಕ್ಕಿಕೊಂಡರೆ ಅಲ್ಲಿಂದಲೇ ಕೊರೆತ ಶುರು. ತರಚಿದ ಜಾಗವನ್ನು 120ರ ಉಪ್ಪುಕಾಗದದಲ್ಲಿ ಉಜ್ಜಿ, 240, 400ಕ್ಕೆ ಬನ್ನಿ. ಅಲ್ಯೂಮಿನಿಯಮ್ಮಿಗೆಂದೇ ಬರುವ ಎಪಾಕ್ಸಿ ಪುಟ್ಟಿ ತೆಳುವಾಗಿ ಸಾಕು, ಟೈರು ಕೂರುವ ಜಾಗಕ್ಕೆ ಬೇಡವೇ ಬೇಡ. ಟೈರು ಮುಚ್ಚೋಕೆ ಹಳೇ ಲಗ್ನಪತ್ರಿಕೆಗಳಿಗಿಂತ ಒಳ್ಳೆಯದಿಲ್ಲ. ದಪ್ಪ ರಟ್ಟು ತಾನೇ, ರಿಮ್ಮಿಗೂ ಟೈರಿಗೂ ನಡುವೆ ಸುತ್ತಲೂ ಸಿಕ್ಕಿಸಿ.

ಬರಿ ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣವೇ ಅದರ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತೆ. ಅದಕ್ಕೇ ಮಾಮೂಲಿ ಪ್ರೈಮರ್ ಹಪ್ಪಳದಂತೆ ಏಳೋದು. ಉಜ್ಜಿದ ದಿನವೇ ಎಚ್ ಪ್ರೈಮರ್ ಹೊಡೀರಿ, ಅದರೊಳಗಿನ ಆಮ್ಲ ಲೋಹಕ್ಕೆ ಕಚ್ಚಿಕೊಳ್ಳುತ್ತೆ. ಮೇಲೆ ಸಿಲ್ವರ್, ಕೊನೆಗೆ ಲ್ಯಾಕರ್, ಎಲ್ಲವೂ ಮೂರು-ನಾಲ್ಕು ತೆಳು ಕೋಟಿನಲ್ಲಿ. ಡೈಮಂಡ್ ಕಟ್ ವೀಲಿನ ಹೊಳಪು ಲೇತ್‌ನಿಂದ ಬಂದದ್ದು, ಕ್ಯಾನಿನಿಂದ ಬರಲ್ಲ. ಅದನ್ನು ಒಂದೇ ಬಣ್ಣಕ್ಕೆ ಇಳಿಸೋಕೆ ಮನಸ್ಸಿದ್ದರೆ ಮಾತ್ರ ಕೈ ಹಾಕಿ.

ಯಾವಾಗ ಹೊಡೆಯಬೇಕು? ಮಳೆಗಾಲದಲ್ಲಿ ತೇವಕ್ಕೆ ಲ್ಯಾಕರ್ ಬೆಳ್ಳಗೆ ಮಂಜಾಗುತ್ತೆ. ಸುಗ್ಗಿಯಲ್ಲಿ ರಾಗಿ, ಹುರುಳಿ ರಸ್ತೆಗೇ ಹರಡಿ ನಮ್ಮ ಟೈರಿನಿಂದಲೇ ಒಕ್ಕಣೆ ಮಾಡಿಸ್ತಾರೆ, ಆ ಹೊಟ್ಟೆಲ್ಲ ಹಸಿ ಲ್ಯಾಕರ್ ಮೇಲೆ. ಫೆಬ್ರವರಿ-ಮಾರ್ಚ್ ವಾಸಿ: ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮುಂಚೆ, ಸುತ್ತ ನೀರು ಚಿಮುಕಿಸಿಕೊಂಡು ಬಯಲಲ್ಲಿ. ಕೊಟ್ಟಿಗೆಯಲ್ಲೂ ಬಚ್ಚಲೊಲೆ ಹತ್ತಿರವೂ ಬೇಡ. ಥಿನ್ನರ್ ಆವಿಗೆ ಹಸುವೂ ಬೆಂಕಿಯೂ ಎರಡೂ ಆಗಲ್ಲ. ಎರಡು ಡಬ್ಬಿ ಬೆರೆಸುವ ಲ್ಯಾಕರ್‌ನಲ್ಲಿ ಐಸೊಸಯನೇಟ್ ಇರುತ್ತೆ. ಅದಕ್ಕೆ ಬಟ್ಟೆ ಮಾಸ್ಕ್ ಲೆಕ್ಕಕ್ಕೇ ಇಲ್ಲ, ಪೇಂಟ್ ಬೂತ್ ಇರುವವರಿಗೇ ಬಿಡಿ.

ಹಬ್ಬಿಗೆ ಕೂರುವ ಹಿಂಬದಿ ಮುಖಕ್ಕೂ ಬೋಲ್ಟ್ ಕೂರುವ ಕುಳಿಗಳಿಗೂ ಬಣ್ಣ ತಾಗದಂತೆ ಟೇಪ್ ಹಚ್ಚಿರಬೇಕು. ನಡುವೆ ಸಿಕ್ಕ ಬಣ್ಣ ಓಡಾಟದಲ್ಲಿ ಜಜ್ಜಿಹೋಗಿ ಬಿಗಿ ಸಡಿಲಾಗುತ್ತೆ. ಬ್ಯಾಲೆನ್ಸಿನ ತೂಕಗಳು ಬಿದ್ದಿದ್ದರೆ ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸ್ ಮಾಡಿಸಿ. ಬೋಲ್ಟುಗಳನ್ನು ಎದುರುಬದುರಾಗಿ, ಕಾರಿನ ಪುಸ್ತಕದಲ್ಲಿರುವ ಟಾರ್ಕಿಗೆ ಬಿಗಿ ಮಾಡಿ. 50–100 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ವ್ರೆಂಚ್ ಇಟ್ಟು ಇನ್ನೊಂದು ಸಲ ನೋಡಿ.